ಪ್ರಶ್ನೋತ್ತರ: ನಿಮ್ಮ ಕ್ಯಾಮೆರಾ ಮನೆಯ ಸ್ಮಾರ್ಟ್ ವ್ಯವಸ್ಥೆಗೆ ಒಗ್ಗುತ್ತದೆಯೇ?

ನಿರ್ವಾಹಕರು: ಕರಾವಳಿಯಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ ಮನೆ, ಅಂಗಡಿ, ತೋಟಗಳಿಗೆ ಕ್ಯಾಮೆರಾ ಅಳವಡಿಸುವ ಕುಮಟಾದ ಶಾನಭಾಗರು ಇಂದು ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ವಿಷಯ ಒಂದೇ: ಕೊಂಡಿರುವ ಅಥವಾ ಕೊಳ್ಳಲಿರುವ ಕ್ಯಾಮೆರಾ ಹೋಮ್ ಅಸಿಸ್ಟೆಂಟ್, ಗೂಗಲ್ ಹೋಮ್, ಅಲೆಕ್ಸಾದಂಥ, ಮನೆಯ ದೀಪ, ಗಂಟೆ, ಕ್ಯಾಮೆರಾಗಳನ್ನು ಒಂದೆಡೆಯಿಂದ ನಡೆಸುವ ವ್ಯವಸ್ಥೆಯೊಂದಿಗೆ ಕೂಡಿಕೊಳ್ಳುತ್ತದೆಯೇ ಎಂದು ತಿಳಿಯುವುದು ಹೇಗೆ. ಪ್ರಶ್ನೆಯ ಜೊತೆ ಮಾದರಿ ಸಂಖ್ಯೆ ಬರೆಯಿರಿ. ಶುಭಸಂಜೆಯ ಚಿತ್ರಗಳು ಬೇಡ.

ಶಾನಭಾಗ, ಕುಮಟಾ: ಎಲ್ಲರಿಗೂ ನಮಸ್ಕಾರ. "ಇಂಥ ಕಂಪನಿಯದು ಆಗುತ್ತದೆಯೇ" ಎಂದು ಕೇಳಬೇಡಿ. ಒಂದೇ ಕಂಪನಿಯ ಒಂದು ಮಾದರಿ ಆಗುತ್ತದೆ, ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಕುಳಿತಿರುವುದು ಆಗುವುದಿಲ್ಲ. ಕ್ಯಾಮೆರಾದ ಬೆನ್ನಿನ ಚೀಟಿಯಲ್ಲಿರುವ ಪೂರ್ತಿ ಸಂಖ್ಯೆ ಬೇಕು, ಕೊನೆಯ ಅಕ್ಷರವನ್ನೂ ಬಿಡಬೇಡಿ. ಅದರಿಂದ ನಿಮಗೆ ಆಗಬೇಕಾದ ಕೆಲಸವನ್ನೂ ಹೇಳಿ. ಬರೀ ನೇರ ಚಿತ್ರ ನೋಡುವುದು, ದಾಖಲಿಸಿ ಇಟ್ಟುಕೊಳ್ಳುವುದು, ಮನುಷ್ಯ ಕಂಡಾಗ ದೀಪ ಹಚ್ಚುವುದು, ಈ ಮೂರೂ ಬೇರೆ ಬೇರೆ. "ಒಗ್ಗುತ್ತದೆ" ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಹೇಳುತ್ತಿರುತ್ತಾರೆ.

ನಾಯ್ಕ, ಬಿಣಗಾ: ಶಾನಭಾಗರೇ ನಮಸ್ಕಾರ. ನಾನು ನೋಡಿಟ್ಟ ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಅಲೆಕ್ಸಾ ಗುರುತು ಇದೆ. ಮನೆಯಲ್ಲಿ ಪರದೆ ಇಲ್ಲದ ಸಣ್ಣ ಎಕೋ ಸ್ಪೀಕರ್ ಇದೆ. ಎರಡೂ ಕೂಡಿ ಕೆಲಸ ಮಾಡುತ್ತವೆಯೇ?

ಶಾನಭಾಗ, ಕುಮಟಾ: ನಾಯ್ಕರೇ, ಪರದೆ ಇಲ್ಲದ ಸ್ಪೀಕರಿನಲ್ಲಿ ಚಿತ್ರವನ್ನು ಎಲ್ಲಿ ನೋಡುತ್ತೀರಿ? ಎಕೋ ಶೋ ಅಥವಾ ಫೈರ್ ಟಿವಿ ಇದ್ದರೆ, ಕೇಳಿದಾಗ ನೇರ ಚಿತ್ರ ತೋರಿಸುತ್ತದೆ ಎಂಬುದಷ್ಟೇ ಬಹುಪಾಲು ಆ ಗುರುತಿನ ಅರ್ಥ. ದಾಖಲೆಯೆಲ್ಲ ಕ್ಯಾಮೆರಾ ಕಂಪನಿಯ ಆ್ಯಪ್‌ನಲ್ಲೇ ಇರುತ್ತದೆ. ಕೊಳ್ಳುವ ಮೊದಲು ಅಲೆಕ್ಸಾ ಆ್ಯಪ್‌ನಲ್ಲಿ ಆ ಕಂಪನಿಯ ಸ್ಕಿಲ್ (ಕ್ಯಾಮೆರಾವನ್ನು ಅಲೆಕ್ಸಾಕ್ಕೆ ಜೋಡಿಸುವ ಕೊಂಡಿ) ಹುಡುಕಿ, ಅದರ ಕೆಳಗೆ ಜನ ಬರೆದ ದೂರುಗಳನ್ನು ಓದಿ. ನಕ್ಷತ್ರಗಳನ್ನು ಎಣಿಸಬೇಡಿ.

ನಿಮ್ಮದು ಕಡಲ ಬದಿಯ ಮನೆ ಎಂದು ಇನ್ನೊಂದು ಮಾತು. ಐಪಿ66 ಎಂದರೆ ಧೂಳು ಮತ್ತು ರಭಸದ ನೀರು ಒಳಗೆ ಹೋಗುವುದಿಲ್ಲ ಎಂದು. ಉಪ್ಪುಗಾಳಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕಾರವಾರ ಕಡೆ ನಾನು ಬದಲಿಸಿದ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಕಣ್ಣು ಚೆನ್ನಾಗಿಯೇ ಇತ್ತು, ಕೇಬಲ್ ಜೋಡಣೆ ಹಸಿರುಗಟ್ಟಿತ್ತು. ಜೋಡಣೆಯನ್ನು ಗಾಳಿಗೆ ತೂಗುಬಿಡದೆ ಮುಚ್ಚಿದ ಡಬ್ಬಿಯೊಳಗೆ ಇಡಿ. ಮತ್ತೆ, ಬಿಣಗಾ, ಅರಗಾ ಕಡೆಯವರು ಯಾರೂ ನೌಕಾನೆಲೆಯ ಬೇಲಿಯತ್ತ ಕ್ಯಾಮೆರಾ ತಿರುಗಿಸಬೇಡಿ.

ಭಟ್ಟ, ಹುಲೇಕಲ್: ಶಾನಭಾಗರಿಗೆ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ. ಮನೆಯಲ್ಲಿ ಹಳೆಯ ಡಿವಿಆರ್ (ಕ್ಯಾಮೆರಾಗಳ ಚಿತ್ರ ದಾಖಲಿಸುವ ಪೆಟ್ಟಿಗೆ) ಇದೆ, ಕೋಎಕ್ಸಿಯಲ್ ತಂತಿಯ ಎಂಟು ಕ್ಯಾಮೆರಾಗಳಿವೆ, ಎಲ್ಲವೂ ಇನ್ನೂ ನಡೆಯುತ್ತಿವೆ. ಮಗ ಹಳೆಯ ಲ್ಯಾಪ್‌ಟಾಪಿನಲ್ಲಿ ಹೋಮ್ ಅಸಿಸ್ಟೆಂಟ್ ಹಾಕಿಕೊಟ್ಟು ಹೋಗಿದ್ದಾನೆ. ಸುಗ್ಗಿಯಲ್ಲಿ ಅಡಿಕೆ ಅಂಗಳದಲ್ಲಿ ರಾತ್ರಿ ಮನುಷ್ಯ ಕಂಡರೆ ದೀಪ ಹೊತ್ತಿ ಗಂಟೆ ಬಾರಿಸಬೇಕು, ನಮ್ಮ ನಾಯಿ ಓಡಾಡಿದರೆ ಬಾರಿಸಬಾರದು. ಹಳೆಯ ಕ್ಯಾಮೆರಾಗಳನ್ನೆಲ್ಲ ಕಿತ್ತು ಹೊಸದು ಹಾಕಬೇಕು ಎಂದು ಅಂಗಡಿಯವರು ಹೇಳುತ್ತಾರೆ. ತೋಟದ ಕೆಳಗೆ ಹಳ್ಳದ ದಂಡೆಯ ಪಂಪ್‌ಸೆಟ್ ಮನೆಗೂ ಒಂದು ಕ್ಯಾಮೆರಾ ಬೇಕು. ಮನೆಯಿಂದ ಸುಮಾರು 180 ಮೀಟರ್. ಪಂಪಿನ ತಾಮ್ರದ ಕೇಬಲ್ ಒಮ್ಮೆ ಕಳವಾಗಿದೆ.

ಶಾನಭಾಗ, ಕುಮಟಾ: ಭಟ್ಟರೇ, ಪ್ರಶ್ನೆ ಎಂದರೆ ಹೀಗಿರಬೇಕು. ಯಾವುದನ್ನೂ ಕೀಳಬೇಡಿ.

ಆ ಎಂಟು ಕ್ಯಾಮೆರಾಗಳಿಗೆ ಹೋಮ್ ಅಸಿಸ್ಟೆಂಟ್ ಎಂದರೆ ಏನೆಂದೇ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮಾತನಾಡುವುದು ಡಿವಿಆರ್. ಅದಕ್ಕೆ ರೌಟರ್ ಸಂಪರ್ಕ ಇದ್ದರೆ ಪ್ರತಿ ಕ್ಯಾಮೆರಾದ ಚಿತ್ರವನ್ನೂ ಆರ್‌ಟಿಎಸ್‌ಪಿ ಎಂಬ ವಿಧಾನದಲ್ಲಿ ಹೊರಗೆ ಕೊಡುತ್ತದೆ, ಸಾಮಾನ್ಯವಾಗಿ 554ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ನೆಟ್‌ವರ್ಕ್ ಬಾಗಿಲಿನಲ್ಲಿ. ನಿಮ್ಮ ಡಿವಿಆರ್ ಮಾದರಿಗೆ ಆ ವಿಳಾಸವನ್ನು ಬರೆಯುವ ಕ್ರಮ ಹೇಗೆಂದು ಅದರ ಕೈಪಿಡಿಯಲ್ಲಿ ಹುಡುಕಿ, ಮೊದಲು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ "ನೆಟ್‌ವರ್ಕ್ ಸ್ಟ್ರೀಮ್" ತೆರೆದು ಹಾಕಿ ನೋಡಿ. ವಿಎಲ್‌ಸಿಯಲ್ಲಿ ಚಿತ್ರ ಬಂದರೆ ಹೋಮ್ ಅಸಿಸ್ಟೆಂಟಿನಲ್ಲಿ ತರಿಸಬಹುದು. ವಿಎಲ್‌ಸಿಯಲ್ಲಿ ಬರದಿದ್ದರೆ ಹೋಮ್ ಅಸಿಸ್ಟೆಂಟಿನ ಸೆಟ್ಟಿಂಗ್ ತಡಕಾಡಿ ರಾತ್ರಿ ಕಳೆಯಬೇಡಿ, ತೊಂದರೆ ಡಿವಿಆರ್ ಕಡೆಯೇ ಇದೆ.

ಒಂದು ಕ್ಯಾಮೆರಾದ ಚಾನೆಲ್‌ಗೆ ಚಿತ್ರದ ಎರಡು ಹರಿವು (ಸ್ಟ್ರೀಮ್) ಇರುತ್ತವೆ, ದೊಡ್ಡದು ಮತ್ತು ಚಿಕ್ಕದು. ದೊಡ್ಡದನ್ನು ದಾಖಲೆಗೆ ಬಿಡಿ. ಮನುಷ್ಯನೋ ನಾಯಿಯೋ ಎಂದು ಗುರುತಿಸಲು ಚಿಕ್ಕದು ಸಾಕು. ಚಿಕ್ಕ ಹರಿವನ್ನು ಎಚ್.264 ಎಂಬ ವಿಡಿಯೊ ಕುಗ್ಗಿಸುವ ಕ್ರಮಕ್ಕೆ ಇಡಿ. ಎಚ್.265 ಜಾಗ ಉಳಿಸುತ್ತದೆ ನಿಜ, ಆದರೆ ಬ್ರೌಸರಿನಲ್ಲಿ ಎಷ್ಟೋ ಸಲ ಕಪ್ಪು ಚೌಕವಾಗಿ ಕಾಣುತ್ತದೆ, ಜನ ಕ್ಯಾಮೆರಾ ಹಾಳಾಯಿತು ಎಂದು ನನಗೆ ಫೋನ್ ಮಾಡುತ್ತಾರೆ. ಗುರುತಿಸುವ ಕೆಲಸಕ್ಕೆ ಫ್ರಿಗೇಟ್ ಎಂಬ ಉಚಿತ ತಂತ್ರಾಂಶ ಇದೆ. ಮನೆಯೊಳಗಿನ ಯಂತ್ರದಲ್ಲೇ ನಡೆಯುತ್ತದೆ, ಅಂತರ್ಜಾಲ ಬೇಕಿಲ್ಲ, ಹೋಮ್ ಅಸಿಸ್ಟೆಂಟಿಗೆ ನೇರವಾಗಿ ಸುದ್ದಿ ಮುಟ್ಟಿಸುತ್ತದೆ. ಹಳೆಯ ಲ್ಯಾಪ್‌ಟಾಪ್ ಎಂಟನ್ನೂ ಎಳೆಯಲಾರದು. ಅಂಗಳದ ಎರಡನ್ನು ಮಾತ್ರ ಅದಕ್ಕೆ ಕೊಡಿ.

ಬರೀ ಚಲನೆಯನ್ನು ನಂಬಿ ಗಂಟೆ ಕಟ್ಟಬೇಡಿ. ಕ್ಯಾಮೆರಾದ ಕೆಂಪು ಬೆಳಕಿಗೆ ಮಳೆಗಾಲದ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಕಣ್ಣಿನ ಮುಂದೆಯೇ ಬಲೆ ನೇಯುತ್ತದೆ. ಆಮೇಲೆ ಗಾಳಿ ಬೀಸಿದಾಗಲೆಲ್ಲ ಗಂಟೆ. ನಾಲ್ಕು ದಿನ ಎದ್ದು ನೋಡುತ್ತೀರಿ, ಐದನೆಯ ದಿನ ಗಂಟೆಯ ತಂತಿ ಕೀಳುತ್ತೀರಿ.

ಪಂಪ್‌ಸೆಟ್ ಮನೆಯದು ಬೇರೆ ಕಥೆ. ತಾಮ್ರದ ನೆಟ್‌ವರ್ಕ್ ಕೇಬಲಿಗೆ 100 ಮೀಟರಿನ ಮಿತಿ ಇದೆ. ನಡುವೆ ಸ್ವಿಚ್ ಇಟ್ಟು ಎಳೆಯಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ತೋಟದುದ್ದ ಹಾಸಿದ ತಾಮ್ರ ಮಿಂಚನ್ನು ಮನೆಯೊಳಗೆ ಕರೆತರುತ್ತದೆ. ನೇರ ಸಿಡಿಲೇ ಬಡಿಯಬೇಕಾಗಿಲ್ಲ, ಹತ್ತಿರ ಬಿದ್ದರೂ ಸಾಕು, ಡಿವಿಆರ್, ರೌಟರ್, ಲ್ಯಾಪ್‌ಟಾಪ್ ಒಟ್ಟಿಗೆ ಹೋಗುತ್ತವೆ. ಫೈಬರ್ ಹಾಕಿ, ಎರಡು ತುದಿಗೆ ಬೆಳಕಿನ ಸಂಕೇತವನ್ನು ಮಾಮೂಲಿ ಕೇಬಲಿಗೆ ಬದಲಿಸಿಕೊಡುವ ಮೀಡಿಯಾ ಕನ್ವರ್ಟರ್. ಫೈಬರ್ ಗಾಜು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಒಳಗೆ ಉಕ್ಕಿನ ಎಳೆ ಇಲ್ಲದ ಫೈಬರ್ ಕೇಳಿ ತೆಗೆದುಕೊಳ್ಳಿ. ಪಂಪಿನ ವಿದ್ಯುತ್ ಲೈನ್ ತಾಮ್ರದ್ದೇ ಆದ್ದರಿಂದ ಅಲ್ಲಿನ ಉಪಕರಣ ಸುಡಬಹುದು, ಆದರೆ ಮನೆಯದು ಉಳಿಯುತ್ತದೆ.

ಭಟ್ಟ, ಹುಲೇಕಲ್: ಬಹಳ ಉಪಕಾರವಾಯಿತು. ಪಂಪ್‌ಸೆಟ್ ಮನೆಗೆ ಹೊಸ ಕ್ಯಾಮೆರಾ ಕೊಳ್ಳುವಾಗ ಏನು ನೋಡಬೇಕು?

ಶಾನಭಾಗ, ಕುಮಟಾ: ಆನ್‌ವಿಫ್. ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳು ಒಂದೇ ಭಾಷೆ ಆಡಲಿ ಎಂದು 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಕಟ್ಟಿದ ಕೂಟ ಅದು. ಪೆಟ್ಟಿಗೆಯ ಮೇಲೆ ಆ ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಿಬಿಡುತ್ತಾರೆ. ಆನ್‌ವಿಫ್‌ನವರ ಜಾಲತಾಣದಲ್ಲಿ ಅಧಿಕೃತ ಪಟ್ಟಿ ಇದೆ, ಮಾದರಿ ಸಂಖ್ಯೆ ಹಾಕಿ ಹುಡುಕಿ. ಪ್ರೊಫೈಲ್ ಎಸ್ ಎಂದರೆ ಚಿತ್ರದ ಹರಿವು, ಟಿ ಎಂದರೆ ಎಚ್.265 ಮುಂತಾದ ಹೊಸ ಸೌಲಭ್ಯ, ಜಿ ಎಂದರೆ ದಾಖಲೆ. ಹೋಮ್ ಅಸಿಸ್ಟೆಂಟಿಗೆ ಕನಿಷ್ಠ ಎಸ್ ಬೇಕು. ಬಳಿಕ ಹೋಮ್ ಅಸಿಸ್ಟೆಂಟಿನ ಜಾಲತಾಣದಲ್ಲಿ ಆ ಕಂಪನಿಯ ಪುಟ ತೆರೆಯಿರಿ. "ಲೋಕಲ್" ಎಂದಿದ್ದರೆ ಅಂತರ್ಜಾಲ ಹೋದರೂ ಕೆಲಸ ಮಾಡುತ್ತದೆ. "ಕ್ಲೌಡ್" ಎಂದಿದ್ದರೆ ನಿಮ್ಮ ಹುಲೇಕಲ್ ಮಳೆಗಾಲಕ್ಕೆ ಅದು ಪ್ರಯೋಜನವಿಲ್ಲ.

ಮೊದಲು ಒಂದೇ ಕೊಂಡು, ಜೋಡಿಸಿ, ಆಮೇಲೆ ಮಿಕ್ಕವನ್ನು ಕೊಳ್ಳಿ. ಎಂಟನ್ನು ಒಟ್ಟಿಗೆ ತಂದು ನನ್ನನ್ನು ಕರೆಯುವವರೇ ಹೆಚ್ಚು.

ಪೈ, ಹೊನ್ನಾವರ: ಬಂದದ್ದನ್ನು ಹಾಗೆಯೇ ಹಂಚಿಕೊಂಡಿದ್ದೇನೆ: "ಯಾವುದೇ ಕ್ಯಾಮೆರಾವನ್ನು ಅಲೆಕ್ಸಾ, ಗೂಗಲ್ ಎಲ್ಲಕ್ಕೂ ಜೋಡಿಸುವ ಹೊಸ ಆ್ಯಪ್. ಕೆಳಗಿನ ಎಪಿಕೆ ಕಡತ ಒತ್ತಿ. ಹತ್ತು ಜನರಿಗೆ ಕಳುಹಿಸಿ." ಎಲ್ಲರಿಗೂ ಅನುಕೂಲವಾಗಬಹುದು.

ಶಾನಭಾಗ, ಕುಮಟಾ: ಪೈಗಳೇ, ದಯವಿಟ್ಟು ಅದನ್ನು ಈಗಲೇ ಅಳಿಸಿ. ಯಾರೂ ಒತ್ತಬೇಡಿ, ಎಪಿಕೆ ಎಂದರೆ ಆ್ಯಪ್ ಅಂಗಡಿಯ ಹೊರಗಿನಿಂದ ಫೋನಿಗೆ ಆ್ಯಪ್ ಹಾಕುವ ಕಡತ. ಒತ್ತಿದವರು ಇದ್ದರೆ ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಕ್ಯಾಮೆರಾದಲ್ಲಿ ಇಲ್ಲದ ಬಾಗಿಲನ್ನು ಯಾವ ಆ್ಯಪ್ ಕೂಡ ಕೊರೆದು ಕೊಡುವುದಿಲ್ಲ. ಎಪಿಕೆ ಕಡತದಲ್ಲಿ ಬರುವ ಉಪಕಾರ ಕಳುಹಿಸಿದವನಿಗೇ.

ಪೈ, ಹೊನ್ನಾವರ: ಅಳಿಸಿದ್ದೇನೆ. ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದೆ.

ಫರ್ನಾಂಡಿಸ್, ಕಾರವಾರ: ಎಲ್ಲ ಕಂಪನಿಗಳ ಸ್ಮಾರ್ಟ್ ಉಪಕರಣಗಳಿಗೂ ಒಂದೇ ಭಾಷೆ ಎಂದು ಮ್ಯಾಟರ್ ಬಂದಿದೆಯಲ್ಲ, ಇನ್ನು ಇದೆಲ್ಲ ತಾಪತ್ರಯ ಇಲ್ಲ ಎನ್ನುತ್ತಾರೆ. ಮ್ಯಾಟರ್ ಗುರುತಿನ ಕ್ಯಾಮೆರಾ ಕೊಂಡರೆ ಸಾಕಲ್ಲವೇ?

ಶಾನಭಾಗ, ಕುಮಟಾ: ಮ್ಯಾಟರ್‌ನ ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಬಂತು, ಕ್ಯಾಮೆರಾಗಳನ್ನು ಅದರೊಳಗೆ ಸೇರಿಸಿದ್ದು 2025ರ ನವೆಂಬರಿನ 1.5ರಲ್ಲಿ. ಅದಕ್ಕಿಂತ ಹಳೆಯ ಪೆಟ್ಟಿಗೆಯಲ್ಲಿ ಆ ಗುರುತು ಕಂಡರೆ ಅದು ಜೊತೆಗಿರುವ ಅಥವಾ ಒಳಗಿರುವ ಹಬ್‌ನದು (ಬೇರೆ ಉಪಕರಣಗಳನ್ನು ಕೂಡಿಸುವ ಕೇಂದ್ರ), ಕ್ಯಾಮೆರಾದ್ದಲ್ಲ. ಹೊಸದನ್ನು ಕೊಳ್ಳುವುದಾದರೂ ನಿಮ್ಮ ಕಡೆಯ ವ್ಯವಸ್ಥೆಯೂ 1.5ಕ್ಕೆ ಏರಿರಬೇಕು.

ಗೌಡ, ಯಲ್ಲಾಪುರ: ಸಿಮ್ ಹಾಕುವ ಸೌರ ಕ್ಯಾಮೆರಾ ಗದ್ದೆಗೆ ಹೇಗೆ? ಗೂಗಲ್ ಹೋಮ್‌ಗೆ ಬರುತ್ತದೆಯೇ?

ಶೆಟ್ಟಿ, ಕುಮಟಾ: ಶಾನಭಾಗ್ ಮಾಮ, ನನ್ನದು ಅಲೆಕ್ಸಾ. ಕ್ಯಾಮೆರಾ ಇನ್ನೂ ತಂದಿಲ್ಲ. ಯಾವುದು ಆಗುತ್ತದೆ?

ಶಾನಭಾಗ, ಕುಮಟಾ: ಮೇಲೆ ಬಿಣಗಾದ ನಾಯ್ಕರಿಗೆ ಬರೆದದ್ದನ್ನು ಓದು.

ಹೆಗಡೆ, ಬೆಂಗಳೂರು: ನಮಸ್ಕಾರ. ಊರು ಸಿದ್ದಾಪುರದ ಹತ್ತಿರ. ಆಯಿ, ಅಂದರೆ ನನ್ನ ಅಮ್ಮ, ಒಬ್ಬರೇ ಇರುತ್ತಾರೆ, ಎಪ್ಪತ್ತಾರು ವರ್ಷ. ಜಗುಲಿಯಲ್ಲಿ ಒಂದು, ಅವರು ಮಲಗುವ ಕೋಣೆಯಲ್ಲಿ ಒಂದು ವೈ-ಫೈ ಕ್ಯಾಮೆರಾ ಹಾಕಿದ್ದೇನೆ. ಇಲ್ಲಿ ನನ್ನ ಮನೆಯ ಹೋಮ್ ಅಸಿಸ್ಟೆಂಟಿನಲ್ಲಿ ಅವನ್ನು ನೋಡಬೇಕು ಎಂದು ಅಂತರ್ಜಾಲದಲ್ಲಿ ಓದಿ ಊರಿನ ರೌಟರಿನಲ್ಲಿ ಪೋರ್ಟ್ ತೆರೆದು, ಹೆಚ್ಚು ಹಣ ಕೊಟ್ಟು ಬದಲಾಗದ, ಸ್ಥಿರ ಅಂತರ್ಜಾಲ ವಿಳಾಸವನ್ನೂ ತೆಗೆದುಕೊಂಡೆ. ಚೆನ್ನಾಗಿ ನಡೆಯುತ್ತಿತ್ತು. ಕಳೆದ ವಾರದಿಂದ ಆಯಿ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಾರೆ, ರಾತ್ರಿ ಕೋಣೆಯಲ್ಲಿ ಗಂಡಸಿನ ದನಿ ಕೇಳುತ್ತದೆ ಎಂದು. ನಾವು ವಯಸ್ಸಿನ ಮರುಳು ಎಂದುಕೊಂಡೆವು. ಡಾಕ್ಟರಿಗೂ ತೋರಿಸಿದೆವು. ನಿನ್ನೆ "ಅದು ನನ್ನನ್ನು ಅಜ್ಜಿ ಎಂದು ಕರೆಯಿತು, ಹಿಂದಿಯಲ್ಲಿ ನಕ್ಕು ಮಾತನಾಡಿತು" ಎಂದರು. ಕ್ಯಾಮೆರಾದಲ್ಲಿ ಸ್ಪೀಕರ್ ಇದೆ. ಇದು ಸಾಧ್ಯವೇ?

ಶಾನಭಾಗ, ಕುಮಟಾ: ಸಾಧ್ಯ. ಮುಂದಿನದನ್ನು ಓದುವ ಮೊದಲು ಪಕ್ಕದ ಮನೆಯವರಿಗೆ ಫೋನ್ ಮಾಡಿ, ಕೋಣೆಯ ಕ್ಯಾಮೆರಾದ ಪ್ಲಗ್ ಕೀಳಲು ಹೇಳಿ. ಆಯಿಗೂ ಈಗಲೇ ಫೋನ್ ಮಾಡಿ, ನಿಮ್ಮ ತಲೆ ಸರಿಯಿದೆ, ಆ ಯಂತ್ರದೊಳಗಿಂದ ಯಾರೋ ಮಾತನಾಡಿದ್ದಾರೆ ಎಂದು ಹೇಳಿ. ಒಂದು ವಾರ ಆ ಹಿರಿಯರು ತಮ್ಮ ಕಿವಿಯನ್ನೇ ನಂಬದೆ ಮಲಗಿದ್ದಾರೆ.

ಹೆಗಡೆ, ಬೆಂಗಳೂರು: ಕೀಳಿಸಿದೆ. ಆಯಿ ಜೊತೆಗೂ ಮಾತನಾಡಿದೆ. ಮುಂದೆ?

ಶಾನಭಾಗ, ಕುಮಟಾ: ಕೇಳಿ. ಪೋರ್ಟ್ ತೆರೆಯುವುದೆಂದರೆ ಕಾಂಪೌಂಡು ಒಡೆದು, ಮಲಗುವ ಕೋಣೆಯ ಬಾಗಿಲನ್ನು ನೇರ ರಸ್ತೆಗೆ ಇಟ್ಟಂತೆ. ಆ ರಸ್ತೆಯಲ್ಲಿ ಹಗಲೂ ರಾತ್ರಿಯೂ ಬಾಗಿಲು ತಟ್ಟುತ್ತ ಹೋಗುವ ಯಂತ್ರಗಳಿವೆ. ಇಡೀ ಅಂತರ್ಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟಿ, 554, 80, 8000 ಇಂಥ ಪೋರ್ಟುಗಳಲ್ಲಿ ಯಾರು ಉತ್ತರ ಕೊಡುತ್ತಾರೆ ಎಂದು ಬರೆದಿಟ್ಟುಕೊಳ್ಳುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೀಗೆಯೇ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು, ಅವುಗಳಿಂದಲೇ ದೊಡ್ಡ ದೊಡ್ಡ ಜಾಲತಾಣಗಳನ್ನು ಮಲಗಿಸಿತು. ಅದಕ್ಕೆ ನಿಮ್ಮ ಆಯಿ ಯಾರೆಂದು ಗೊತ್ತಿರಬೇಕಾಗಿಲ್ಲ. ನಮ್ಮ ಕಡೆ ಎಷ್ಟೋ ಸೇವಾದಾರರು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವುದರಿಂದ ಜನ ಪೋರ್ಟ್ ತೆರೆದರೂ ಹೊರಗಿನಿಂದ ಯಾರಿಗೂ ತಲುಪುವುದಿಲ್ಲ, ಅರಿಯದೆಯೇ ಬಚಾವಾಗುತ್ತಾರೆ. ನೀವು ಹಣ ಕೊಟ್ಟು ಆ ರಕ್ಷಣೆಯನ್ನೂ ತೆಗೆಸಿದ್ದೀರಿ.

ಆದರೂ ಹೊರಗಿನವನೇ ಎಂದು ಈಗಲೇ ಹೇಳಲಾರೆ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಪರಿಚಿತರ ಕೈವಾಡವೂ ಇತ್ತು. ಆ್ಯಪ್‌ನಲ್ಲಿ "ಹಂಚಿಕೆ" ಅಥವಾ "ಕುಟುಂಬ ಸದಸ್ಯರು" ಎಂಬ ಪಟ್ಟಿ ಇರುತ್ತದೆ. ಅಳವಡಿಸಿಕೊಟ್ಟ ಹುಡುಗನ ಖಾತೆ, ನೀವು ಮಾರಿದ ಹಳೆಯ ಫೋನ್, ಎಂದೋ ನೋಡಲು ಕೊಟ್ಟ ನೆಂಟರ ಸಂಖ್ಯೆ ಅಲ್ಲಿ ಕುಳಿತಿರಬಹುದು. ಏನನ್ನೂ ಅಳಿಸುವ ಮೊದಲು ಆ ಪಟ್ಟಿಯ ಚಿತ್ರ ತೆಗೆದಿಡಿ. ರೌಟರಿನಲ್ಲಿ ತೆರೆದ ಪೋರ್ಟುಗಳ ಪುಟದ ಚಿತ್ರವನ್ನೂ ತೆಗೆಯಿರಿ. ಯುಪಿಎನ್‌ಪಿ ಎಂಬುದು ಚಾಲೂ ಇದೆಯೇ ನೋಡಿ. ಅದು ಚಾಲೂ ಇದ್ದರೆ ನೀವು ಮುಚ್ಚಿದ ಪೋರ್ಟನ್ನು ಕ್ಯಾಮೆರಾ ತಾನೇ ಮತ್ತೆ ತೆರೆಸಿಕೊಳ್ಳುತ್ತದೆ. ಆಮೇಲೆ ಎಲ್ಲ ಪೋರ್ಟ್ ಮುಚ್ಚಿ, ಯುಪಿಎನ್‌ಪಿ ಆಫ್ ಮಾಡಿ, ಎರಡೂ ಕ್ಯಾಮೆರಾಗಳನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಹೊಸದು ಹಾಕಿ, ಹೊಸ ಪಾಸ್‌ವರ್ಡ್ ಕೊಡಿ. ಆ್ಯಪ್ ಖಾತೆಯ ಪಾಸ್‌ವರ್ಡನ್ನೂ ಬದಲಿಸಿ, ಎರಡು ಹಂತದ ಪರಿಶೀಲನೆ ಇದ್ದರೆ ಹಾಕಿ. ದೂರು ಕೊಡುವುದಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, 1930 ಸಹಾಯವಾಣಿ ಇದೆ.

ಬೆಂಗಳೂರಿನಿಂದ ನೋಡುವುದಕ್ಕೆ ಪೋರ್ಟ್ ಬೇಕಾಗಿಯೇ ಇಲ್ಲ. ಊರಿನಲ್ಲಿ ಒಂದು ಸಣ್ಣ ಯಂತ್ರ ಇಟ್ಟು ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿದರೆ ನಿಮ್ಮ ಎರಡು ಮನೆಗಳ ನಡುವೆ ಖಾಸಗಿ ದಾರಿ ಆಗುತ್ತದೆ. ಟೇಲ್‌ಸ್ಕೇಲಿಗೆ ಸ್ಥಿರ ವಿಳಾಸವೂ ಬೇಡ, ಆ ಹಣ ಉಳಿಯಿತು. "ಹೋಮ್ ಅಸಿಸ್ಟೆಂಟಿಗೆ ಒಗ್ಗುತ್ತದೆ" ಎಂದು ಬರೆದವರು ಒಂದೇ ಮನೆಯ ನೆಟ್‌ವರ್ಕಿನೊಳಗಿನ ಮಾತು ಹೇಳಿರುತ್ತಾರೆ. ನೂರಾರು ಕಿಲೋಮೀಟರ್ ದೂರದ ಮನೆಗೆ ಅದೇ ಮಾತನ್ನು ಎಳೆದರೆ ಹೀಗಾಗುತ್ತದೆ.

ಹೆಗಡೆ, ಬೆಂಗಳೂರು: ಇವತ್ತೇ ರಾತ್ರಿ ಬಸ್ಸಿಗೆ ಊರಿಗೆ ಹೊರಡುತ್ತೇನೆ. ಅಲ್ಲಿಂದ ಬರೆಯುತ್ತೇನೆ.

ಪೈ, ಹೊನ್ನಾವರ: ಹೆಗಡೆಯವರೇ, ನಿಮ್ಮ ಕ್ಯಾಮೆರಾ ಹ್ಯಾಕ್ ಆಗಿದೆಯೇ ಎಂದು ತಿಳಿಯಲು ಫೋನಿನಲ್ಲಿ ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿ ನೋಡಿ. ಪೊಲೀಸ್ ಇಲಾಖೆಯ ಸಂದೇಶ ಎಂದು ಬಂದಿದೆ.

ಶಾನಭಾಗ, ಕುಮಟಾ: ಅದು ನಿಮ್ಮ ಕರೆಗಳು ಬೇರೆ ಸಂಖ್ಯೆಗೆ ತಿರುಗಿವೆಯೇ ಎಂದು ತೋರಿಸುವ ಸಂಕೇತ. ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಪೈಗಳೇ, ಒಬ್ಬ ತಾಯಿಯ ವಿಷಯ ನಡೆಯುತ್ತಿದೆ, ಸ್ವಲ್ಪ ನಿಲ್ಲಿಸಿ.

ಪೈ, ಹೊನ್ನಾವರ: ನಾನೂ ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನು. ಹಿರಿಯನೆಂಬ ಮರ್ಯಾದೆಯಾದರೂ ಇರಲಿ.

ಫರ್ನಾಂಡಿಸ್, ಕಾರವಾರ: ಪೈ ಅವರು ಕಾಳಜಿಯಿಂದ ಹಾಕಿದ್ದಾರೆ. ಇಷ್ಟು ಗಡುಸಾಗಿ ಹೇಳಬೇಕಾಗಿರಲಿಲ್ಲ.

ಭಟ್ಟ, ಹುಲೇಕಲ್: ಕಾಳಜಿ ಇದ್ದವರು ಹಾಕುವ ಮೊದಲು ಓದಲಿ.

ಗೌಡ, ಯಲ್ಲಾಪುರ: ನನ್ನ ಸೌರ ಕ್ಯಾಮೆರಾದ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ.

ಮೇಸ್ತ, ಹೊನ್ನಾವರ: ಟಾಪೊ ವೈ-ಫೈ ಕ್ಯಾಮೆರಾ, ತಂತಿಯಿಂದ ವಿದ್ಯುತ್ ಪಡೆಯುವಂಥದ್ದು. ಆನ್‌ವಿಫ್ ಇದೆ ಎನ್ನುತ್ತಾರೆ, ಆದರೆ ಹೋಮ್ ಅಸಿಸ್ಟೆಂಟ್ ನನ್ನ ಆ್ಯಪ್‌ನ ಪಾಸ್‌ವರ್ಡನ್ನು ಒಪ್ಪುತ್ತಿಲ್ಲ.

ಶಾನಭಾಗ, ಕುಮಟಾ: ಆ ಪಾಸ್‌ವರ್ಡ್ ಅಲ್ಲ. ಟಾಪೊ ಆ್ಯಪ್‌ನ ಸುಧಾರಿತ ಸೆಟ್ಟಿಂಗ್‌ನಲ್ಲಿ "ಕ್ಯಾಮೆರಾ ಅಕೌಂಟ್" ಎಂದಿದೆ, ಅಲ್ಲಿ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಆನ್‌ವಿಫ್ ಪೋರ್ಟ್ 2020. ಅವರ ಬ್ಯಾಟರಿ ಮಾದರಿಗಳಿಗೆ ಇದು ಇಲ್ಲ. ಬ್ಯಾಟರಿ ಕ್ಯಾಮೆರಾ ಹೆಚ್ಚಿನ ಹೊತ್ತು ನಿದ್ದೆ ಮಾಡುತ್ತದೆ, ಸತತ ಹರಿವನ್ನು ಅದರಿಂದ ಕೇಳಲಾಗದು. ಹಿಕ್‌ವಿಷನ್ ಇದ್ದವರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹೊಸ ಫರ್ಮ್‌ವೇರ್‌ಗಳಲ್ಲಿ ಆನ್‌ವಿಫ್ ಆಫ್ ಆಗಿಯೇ ಬರುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಹಚ್ಚಿ, ಆನ್‌ವಿಫ್‌ಗೆಂದೇ ಪ್ರತ್ಯೇಕ ಬಳಕೆದಾರನನ್ನು ಸೇರಿಸಬೇಕು.

ಮೇಸ್ತ, ಹೊನ್ನಾವರ: ಆಯಿತು, ಬಂತು! ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಮಾಯವಾಗುತ್ತದೆ.

ಶಾನಭಾಗ, ಕುಮಟಾ: ಎರಡು ಕಾರಣ. ರೌಟರ್ ಪ್ರತಿ ಸಲ ಹೊಸ ಸ್ಥಳೀಯ ವಿಳಾಸ ಕೊಡುತ್ತಿರಬಹುದು, ರೌಟರಿನಲ್ಲಿ ಆ ಕ್ಯಾಮೆರಾಕ್ಕೆ ಒಂದೇ ವಿಳಾಸ ಕಾಯ್ದಿರಿಸಿ. ಎರಡನೆಯದು ಗಡಿಯಾರ. ಆನ್‌ವಿಫ್‌ನ ಲಾಗಿನ್‌ನಲ್ಲಿ ಸಮಯವೂ ಸೇರಿರುತ್ತದೆ. ಕರೆಂಟ್ ಹೋದಾಗ ಕೆಲವು ಕ್ಯಾಮೆರಾಗಳ ಗಡಿಯಾರ 1970ಕ್ಕೆ ಓಡುತ್ತದೆ, ಆಗ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ನೆಟ್‌ವರ್ಕಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಹಚ್ಚಿ, ಕಾಲವಲಯ ಸರಿಮಾಡಿ. ಕ್ಯಾಮೆರಾ ಒಗ್ಗುವುದಿಲ್ಲ ಎಂದು ವಾಪಸು ಕೊಟ್ಟವರಲ್ಲಿ ಎಷ್ಟು ಮಂದಿಗೆ ಬರೀ ಗಡಿಯಾರ ಕೆಟ್ಟಿತ್ತೋ.

ಗಾಂವ್ಕರ್, ಅಂಕೋಲಾ: ಸ್ವಲ್ಪ ಬೇರೆ ಪ್ರಶ್ನೆ. ನಮ್ಮ ಪಕ್ಕದ ಮನೆಯವರು ಹಾಕಿದ ಕ್ಯಾಮೆರಾ ನೇರ ನಮ್ಮ ಬಾವಿಕಟ್ಟೆಗೂ ಬಚ್ಚಲಿಗೂ ಮುಖ ಮಾಡಿದೆ. ಲೇಸರ್ ಬೆಳಕು ಬಿಟ್ಟರೆ ಕ್ಯಾಮೆರಾ ಕುರುಡಾಗುತ್ತದೆ ಎಂದು ಒಂದು ವಿಡಿಯೊ ಬಂದಿದೆ. ವೈ-ಫೈ ಸಂಕೇತ ತಡೆಯುವ ಜಾಮರ್ ಕೂಡ ಸಿಗುತ್ತದಂತೆ. ಯಾವುದು ಒಳ್ಳೆಯದು?

ಶಾನಭಾಗ, ಕುಮಟಾ: ಎರಡೂ ಬೇಡ. ಜಾಮರ್ ಇಟ್ಟುಕೊಳ್ಳುವುದು ಖಾಸಗಿಯವರಿಗೆ ಕಾನೂನುಬಾಹಿರ. ಲೇಸರ್ ಮನುಷ್ಯರ ಕಣ್ಣಿಗೆ ಮೊದಲು ಬೀಳುತ್ತದೆ. ಹೋಗಿ ಮಾತನಾಡಿ. ಬಹಳಷ್ಟು ಕ್ಯಾಮೆರಾಗಳಲ್ಲಿ "ಪ್ರೈವಸಿ ಮಾಸ್ಕ್" ಎಂಬುದಿದೆ, ನಿಮ್ಮ ಬಚ್ಚಲಿನ ಜಾಗಕ್ಕೆ ಕಪ್ಪು ಚೌಕ ಹಾಕಿಬಿಡಬಹುದು.

ನಾಯಕ, ಅಂಕೋಲಾ: ಪಕ್ಕದ ಮನೆ ಎಂದರೆ ಯಾರು ಎಂದು ಹೆಸರು ಹೇಳಿ ಬರೆಯಿರಿ ಗಾಂವ್ಕರರೇ. ಆ ಓಣಿಯಲ್ಲಿ ಕ್ಯಾಮೆರಾ ಇರುವುದು ನಮ್ಮ ಮನೆಗೆ ಮಾತ್ರ.

ಗಾಂವ್ಕರ್, ಅಂಕೋಲಾ: ನಾನು ಯಾರ ಹೆಸರನ್ನೂ ಹೇಳಿಲ್ಲ. ತಾವೇ ಎದ್ದು ನಿಂತಿರಿ.

ನಾಯಕ, ಅಂಕೋಲಾ: ನಮ್ಮ ಕ್ಯಾಮೆರಾ ನೋಡುವುದು ನಮ್ಮ ತೆಂಗಿನ ಮರವನ್ನು. ಬಿದ್ದ ಕಾಯಿ ಬೆಳಗಾಗುವುದರೊಳಗೆ ಕಾಣೆಯಾಗುತ್ತಿತ್ತು. ಕ್ಯಾಮೆರಾ ಬಂದ ಮೇಲೆ ಒಂದೂ ಕಾಣೆಯಾಗಿಲ್ಲ. ಇದರಲ್ಲೇ ಎಲ್ಲ ತಿಳಿಯುತ್ತದೆ.

ಗಾಂವ್ಕರ್, ಅಂಕೋಲಾ: ನಿಮ್ಮ ಮರ ನಮ್ಮ ಅಂಗಳಕ್ಕೆ ಬಾಗಿದೆ. ನಮ್ಮ ಹೆಂಚು ಒಡೆದ ಕಾಯಿಯ ಲೆಕ್ಕ ಯಾರು ಕೊಡುತ್ತಾರೆ?

ಶೆಟ್ಟಿ, ಕುಮಟಾ: ತೆಂಗಿನಕಾಯಿ ಹೋಮ್ ಅಸಿಸ್ಟೆಂಟಿಗೆ ಒಗ್ಗುತ್ತದೆಯೇ?

ನಾಯಕ, ಅಂಕೋಲಾ: ತಮಾಷೆ ಬೇಡ ತಮ್ಮಾ. ಶಾನಭಾಗರೇ, ನಾನು ಫ್ರಿಗೇಟಿನಲ್ಲಿ ಅವರ ಬಚ್ಚಲಿನ ಜಾಗಕ್ಕೆ ಮಾಸ್ಕ್ ಹಾಕಿಯೇ ಇದ್ದೇನೆ. ಬೇಕಾದರೆ ತೋರಿಸುತ್ತೇನೆ.

ಶಾನಭಾಗ, ಕುಮಟಾ: ನಾಯಕರೇ, ಅಲ್ಲೇ ಇರುವುದು ತೊಡಕು. ಫ್ರಿಗೇಟಿನ ಮಾಸ್ಕ್ ಚಿತ್ರವನ್ನು ಮುಚ್ಚುವುದಿಲ್ಲ. ಆ ಜಾಗದ ಚಲನೆಗೆ ಎಚ್ಚರಿಕೆ ಬೇಡ ಎಂದು ಮಾತ್ರ ಹೇಳುತ್ತದೆ. ದಾಖಲೆಯಲ್ಲಿ ಬಚ್ಚಲು ಸ್ಪಷ್ಟವಾಗಿ ಉಳಿಯುತ್ತದೆ, ತೆರೆದು ನೋಡಿ. ಚಿತ್ರದಿಂದಲೇ ತೆಗೆಯಬೇಕಾದರೆ ಕ್ಯಾಮೆರಾದ ಒಳಗಿನ ಸೆಟ್ಟಿಂಗ್‌ನಲ್ಲೇ ಪ್ರೈವಸಿ ಮಾಸ್ಕ್ ಹಾಕಬೇಕು, ಅಥವಾ ಕ್ಯಾಮೆರಾವನ್ನೇ ಹತ್ತು ಡಿಗ್ರಿ ತಿರುಗಿಸಬೇಕು. ಹೆಂಗಸರು ಸ್ನಾನ ಮಾಡುವ ಜಾಗದ ದಾಖಲೆ ಇಟ್ಟುಕೊಂಡವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಬರಬಹುದು. ತೆಂಗಿನಕಾಯಿಯ ಉದ್ದೇಶ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಾಯಕ, ಅಂಕೋಲಾ: ಈಗ ನಾನೇ ಅಪರಾಧಿ ಆದೆನೋ? ಒಳ್ಳೆಯದು.

ಗಾಂವ್ಕರ್, ಅಂಕೋಲಾ: ಈ ಸಂದೇಶದ ಚಿತ್ರ ತೆಗೆದಿಟ್ಟುಕೊಂಡಿದ್ದೇನೆ.

ಗೋಕರ್ಣದ ಹೋಂಸ್ಟೇ ಮಾಲೀಕರು: ಅತಿಥಿಗಳ ಸುರಕ್ಷತೆಗಾಗಿ ಕೋಣೆಯೊಳಗೆ ಸಣ್ಣ ಕ್ಯಾಮೆರಾ ಇಟ್ಟು, ಮುಂಭಾಗದ ಕೌಂಟರಿನ ಗೂಗಲ್ ಪರದೆಯಲ್ಲಿ ನೋಡಬಹುದೇ?

ಶಾನಭಾಗ, ಕುಮಟಾ: ಕೋಣೆಯೊಳಗೆ ಕ್ಯಾಮೆರಾ ಇಡಬೇಡಿ. ಯಾವ ವ್ಯವಸ್ಥೆಗೂ ಅದು ಒಗ್ಗಬಾರದು. ನಾನು ಮಾಡಿಕೊಡುವುದಿಲ್ಲ, ಮಾಡಿಕೊಡುವವರನ್ನು ತೋರಿಸುವುದೂ ಇಲ್ಲ.

ಪೈ, ಹೊನ್ನಾವರ: ಇದು ಖಚಿತ ಸುದ್ದಿ: "ಚೀನಾ ಕ್ಯಾಮೆರಾಗಳೆಲ್ಲ ನಿಷೇಧ. ಈ ತಿಂಗಳ ಕೊನೆಗೆ ಮನೆಮನೆಗೆ ಬಂದು ಕಿತ್ತುಕೊಂಡು ಹೋಗುತ್ತಾರೆ."

ಭಟ್ಟ, ಹುಲೇಕಲ್: ಬಂದು ಕೀಳುವವರು ನನ್ನ ಪಂಪ್ ಕೇಬಲ್ ಕದ್ದವರಾಗಿರಬಹುದು.

ಶಾನಭಾಗ, ಕುಮಟಾ: ನಿಜ ಇಷ್ಟು. ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ಜಾರಿಗೆ ಬಂದದ್ದು 2025ರ ಏಪ್ರಿಲ್ 9ರಿಂದ. ಅದು ತಯಾರಿಕೆ, ಆಮದು, ಮಾರಾಟಕ್ಕೆ. ದೇಶ ಯಾವುದೇ ಇರಲಿ, ಪರೀಕ್ಷೆ ಆಗಬೇಕು. ನಿಮ್ಮ ಗೋಡೆಯ ಮೇಲಿನದನ್ನು ಕೀಳಲು ಯಾರೂ ಬರುವುದಿಲ್ಲ.

ಫರ್ನಾಂಡಿಸ್, ಕಾರವಾರ: ಏನೇ ಆಗಲಿ, ಚೀನಾದ್ದನ್ನು ಕೊಳ್ಳಬಾರದು.

ಮೇಸ್ತ, ಹೊನ್ನಾವರ: ನೀವು ಇದನ್ನು ಟೈಪ್ ಮಾಡಿದ ಫೋನ್ ಎಲ್ಲಿಯದು?

ಫರ್ನಾಂಡಿಸ್, ಕಾರವಾರ: ವೈಯಕ್ತಿಕ ಮಾತು ಬೇಡ.

ಸದಸ್ಯ, ಭಟ್ಕಳ: ದುಬೈಯಿಂದ ಅಣ್ಣ ನಾಲ್ಕು ಕ್ಯಾಮೆರಾ ಕಳುಹಿಸಿದ್ದಾನೆ. ಆ್ಯಪ್‌ನಲ್ಲಿ ದೇಶ ಕೇಳುತ್ತದೆ, ಭಾರತ ಎಂದರೆ ಸೇರುತ್ತಿಲ್ಲ. ಅಲೆಕ್ಸಾಕ್ಕೆ ಕೂಡಿಸಬೇಕಿತ್ತು.

ಶಾನಭಾಗ, ಕುಮಟಾ: ಅಲೆಕ್ಸಾ ಬಗ್ಗೆ ಮೇಲೆ ಓದಿ.

ಸದಸ್ಯ, ಭಟ್ಕಳ: ನಾನು ಕೇಳಿದ್ದು ದೇಶದ ವಿಷಯ.

ಹೆಗಡೆ, ಬೆಂಗಳೂರು: ಊರಿಗೆ ಬಂದು ನೋಡಿದೆ. ರೌಟರಿನಲ್ಲಿ ನಾನು ತೆರೆದದ್ದು 554 ಒಂದೇ, ಆದರೆ 80 ಕೂಡ ತೆರೆದಿತ್ತು, ಯುಪಿಎನ್‌ಪಿ ಚಾಲೂ ಇತ್ತು. ಕೋಣೆಯ ಕ್ಯಾಮೆರಾದ ಪಾಸ್‌ವರ್ಡ್ ಕಾರ್ಖಾನೆಯದೇ ಇತ್ತು. ಅಲ್ಲದೆ ಆ್ಯಪ್‌ನ ಹಂಚಿಕೆ ಪಟ್ಟಿಯಲ್ಲಿ ನಮಗೆ ಗುರುತಿಲ್ಲದ ಒಂದು ಸಂಖ್ಯೆಯೂ ಇದೆ. ಚಿತ್ರ ತೆಗೆದು ಎಲ್ಲ ಮುಚ್ಚಿದ್ದೇನೆ. ದನಿ ಬಂದದ್ದು ಯಾವುದರಿಂದ ಎಂದು ತಿಳಿಯಬಹುದೇ?

ಶಾನಭಾಗ, ಕುಮಟಾ: ಎರಡೂ ಬಾಗಿಲು ತೆರೆದಿದ್ದವು. ಯಾವುದರಿಂದ ಬಂದ ಎಂದು ಕ್ಯಾಮೆರಾ ಹೇಳುವುದಿಲ್ಲ, ಈ ಬೆಲೆಯವು ಒಳಬಂದವರ ದಾಖಲೆ ಇಡುವುದು ಕಡಿಮೆ. ಆ ಸಂಖ್ಯೆಯನ್ನು ಇಲ್ಲಿ ಹಾಕಬೇಡಿ, ದೂರಿನ ಜೊತೆ ಪೊಲೀಸರಿಗೆ ಕೊಡಿ. ನೀವೇ ಕರೆ ಮಾಡಿ ಬೈಯಬೇಡಿ. ಕೋಣೆಯ ಕ್ಯಾಮೆರಾವನ್ನು ಮರಳಿ ಹಾಕಬೇಡಿ. ಆಯಿ ರಾತ್ರಿ ಬಿದ್ದರೆ ತಿಳಿಯಬೇಕು ಎಂಬುದು ನಿಮ್ಮ ಚಿಂತೆಯಾದರೆ ಬಾಗಿಲಿಗೆ ಒಂದು ಸೆನ್ಸರ್, ಹಾಸಿಗೆಯ ಪಕ್ಕ ಒಂದು ಕರೆಗಂಟೆ ಸಾಕು. ಎರಡಕ್ಕೂ ಕಣ್ಣಿಲ್ಲ, ಬಾಯಿಲ್ಲ, ಹೋಮ್ ಅಸಿಸ್ಟೆಂಟಿಗೆ ಕ್ಯಾಮೆರಾಕ್ಕಿಂತ ಸುಲಭವಾಗಿ ಸೇರುತ್ತವೆ. ಜಿಗ್‌ಬೀ ಎಂಬ ರೇಡಿಯೊ ವಿಧಾನದ್ದನ್ನು ತೆಗೆದುಕೊಳ್ಳಿ, ಜೊತೆಗೆ ಊರಿನ ಯಂತ್ರಕ್ಕೆ ಚುಚ್ಚುವ ಯುಎಸ್‌ಬಿ ಡಾಂಗಲ್ ಬೇಕು. ಜಗುಲಿಯದು ಇರಲಿ, ಸ್ಪೀಕರ್ ಆಫ್ ಮಾಡಿಡಿ.

ಹೆಗಡೆ, ಬೆಂಗಳೂರು: ಆಯಿಗೆ ಓದಿ ಹೇಳಿದೆ. ಜಗುಲಿಯದನ್ನೂ ತೆಗೆ ಎನ್ನುತ್ತಾರೆ.

ಶಾನಭಾಗ, ಕುಮಟಾ: ಹಾಗಾದರೆ ತೆಗೆಯಿರಿ.

ಗೌಡ, ಯಲ್ಲಾಪುರ: ಸೌರ ಕ್ಯಾಮೆರಾ?

ನಾಯಕ, ಅಂಕೋಲಾ: ಗಾಂವ್ಕರರು ನನ್ನ ಸಂದೇಶದ ಚಿತ್ರವನ್ನು ಬೇರೆ ಗುಂಪಿಗೆ ಹಾಕಿದ್ದಾರೆ. ನಿರ್ವಾಹಕರು ಇದಕ್ಕೆ ಉತ್ತರ ಕೊಡಬೇಕು.

ಗಾಂವ್ಕರ್, ಅಂಕೋಲಾ: ಮೊದಲು ಕ್ಯಾಮೆರಾ ತಿರುಗಿಸಿ, ಆಮೇಲೆ ಮಾತು.

ನಿರ್ವಾಹಕರು: ಅಂಕೋಲಾದ ಇಬ್ಬರೂ ಫೋನಿನಲ್ಲಿ ಮಾತನಾಡಿಕೊಳ್ಳಲಿ. ಶಾನಭಾಗರು ಕೆಲಸಕ್ಕೆ ಹೋಗಬೇಕಂತೆ. ಈ ಸರಣಿಗೆ ಪ್ರತಿಕ್ರಿಯೆಗಳನ್ನು ಮುಚ್ಚಿದ್ದೇವೆ.